ಬಾಂದಿನ ಬೇವಿನ ಮರ ಬಿದ್ದು ಹೋಯಿತು, ಜಗಳ ಯಾಕೆ ಉಳಿಯಿತು?

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅಜ್ಜ ಮತ್ತು ಅವರ ತಮ್ಮ 1984ರಲ್ಲಿ ವಾಟ್ನಿ (ಆಸ್ತಿ ಪಾಲು) ಮಾಡಿಕೊಂಡು ಬೇರೆಯಾದರು. ಎರಡು ಹೊಲಗಳ ನಡುವಿನ ಗಡಿಯ ಬಾಂದಿನ ಮೇಲಿದ್ದ ಬೇವಿನ ಮರ ಯಾರಿಗೆ ಅನ್ನೋದರಿಂದ ಮನಸ್ತಾಪ ಶುರುವಾಯಿತು. ಎರಡು ವರ್ಷದ ನಂತರ ಹೊಡೆದಾಟವಾಗಿ ಅಜ್ಜನ ಕೈ ಮುರಿಯಿತು. ಅಲ್ಲಿಂದ ಮಾತಿಲ್ಲ, ಹೋಗೋದು ಬರೋದು ಇಲ್ಲ. ಹೊಲದ ದಾರಿಯ ಬಗ್ಗೆ ಒಂದು ದಾವೆ ಇನ್ನೂ ನಡೆದಿದೆ. ಅಜ್ಜಂದಿರಿಬ್ಬರೂ ಈಗ ಇಲ್ಲ, ಮರವೂ ಬಿದ್ದು ಹೋಗಿದೆ. ನಾನೂ ಆ ಮನೆಯ ಮೊಮ್ಮಗನೂ ಬೆಳಗಾವಿಯಲ್ಲಿ ಕೆಲಸಕ್ಕಿದ್ದೇವೆ. ಇಲ್ಲಿ ಸೇರಿ ಚಹಾ ಕುಡಿಯುತ್ತೇವೆ, ಊರಿಗೆ ಹೋದರೆ ಗುರುತಿಲ್ಲದವರ ಹಾಗೆ ಇರುತ್ತೇವೆ. ರಾಜಿ ಅಂದರೆ ಸಾಕು, ಅಪ್ಪ ಎದ್ದು ಹೊರಗೆ ಹೋಗುತ್ತಾರೆ, ಅಜ್ಜಿ ಅಳುತ್ತಾರೆ. ಯಾರಿಗೂ ಬೇಡವಾದ ಈ ಜಗಳ ಯಾಕೆ ಮುಗಿಯುವುದಿಲ್ಲ?

ಉತ್ತರ: "ಯಾರಿಗೂ ಬೇಡವಾದ ಜಗಳ" ಅಂದಿರಿ ನೋಡಿ, ತಪ್ಪು ಅಲ್ಲೇ ಇದೆ. ನಿಮ್ಮಿಬ್ಬರಿಗೆ ಬೇಡ, ಸರಿ. ಆದರೆ ನಿಮ್ಮ ಅಜ್ಜಿಗೆ ಬೇಕು. ಅಪ್ಪನಿಗೆ ಬೇಕೋ ಬೇಡವೋ ಅವರಿಗೇ ಗೊತ್ತಿಲ್ಲ. ಊರಲ್ಲಿ ಇನ್ನೂ ನಾಲ್ಕು ಜನರಿಗೆ ಬೇಕಾಗಿರುತ್ತದೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ವಿಜಯಪುರದ ಕೋರ್ಟುಗಳಲ್ಲಿ 30 ವರ್ಷಕ್ಕೂ ಜಾಸ್ತಿ ವಕೀಲಿ ಮಾಡಿದವನು. ಅದರಲ್ಲಿ ಮುಕ್ಕಾಲು ಪಾಲು ವಾಟ್ನಿ, ಬಾಂದು, ದಾರಿ, ಬಾವಿ. ಈಗ ವಕೀಲಿ ಬಿಟ್ಟು ರಾಜಿ ಮಾಡಿಸುವ ಕಡೆ ಕೂತಿದ್ದೇನೆ. ಒಂದು ಕಾಲದಲ್ಲಿ ಇಂಥ ಜಗಳಗಳಿಂದಲೇ ನನ್ನ ಮನೆ ನಡೆದಿದೆ ಅನ್ನೋದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಯಾರಾದರೂ ಕೇಳುತ್ತಾರೆ.

ಮುಯ್ಯಿ ಅನ್ನುವ ಶಬ್ದ ಕೇಳಿದ್ದೀರಲ್ವಾ? ಮೈಸೂರು ಕಡೆ ಮದುವೆಯಲ್ಲಿ ಕೊಡುವ ಉಡುಗೊರೆಗೂ ಮುಯ್ಯಿ ಅನ್ನುತ್ತಾರೆ, ಸೇಡಿಗೂ ಮುಯ್ಯಿ ಅನ್ನುತ್ತಾರೆ. ಎರಡಕ್ಕೂ ಒಂದೇ ಶಬ್ದ ಯಾಕೆ ಅಂತ ನಾನು ಬಹಳ ದಿನ ಯೋಚನೆ ಮಾಡಿದ್ದೆ. ನಮ್ಮ ಕಡೆ ಆ ಉಡುಗೊರೆಗೆ ಆಹೇರಿ ಅನ್ನುತ್ತೇವೆ. ನಿಮ್ಮ ಮನೆಯಲ್ಲೂ ಒಂದು ಆಹೇರಿ ಪಟ್ಟಿ ಇರುತ್ತದೆ, ಹಳೇ ನೋಟ್‌ಬುಕ್ಕು, ಇಂಥವರು 51 ರೂಪಾಯಿ, ಇಂಥವರು ಒಂದು ಜಂಪರ್ ಪೀಸು, ಇಂಥವರು ಟವೆಲು ಟೊಪ್ಪಿಗೆ. ಅವರ ಮನೆ ಮದುವೆ ಬಂದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೇ ಕೊಡಬೇಕು, ಇಲ್ಲಾ ಒಂದು ಕೈ ಮೇಲೆ ಕೊಡಬೇಕು. ಕೊಟ್ಟ ಅಜ್ಜ ಸತ್ತಿದ್ದರೂ ಅವನ ಮೊಮ್ಮಗನ ಮದುವೆಗೆ ಅದು ವಾಪಸ್ಸು ಹೋಗಲೇಬೇಕು. ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಹಗೆಯೂ ಇದೇ ಪುಸ್ತಕದಲ್ಲಿ ಬರೆದ ಲೆಕ್ಕವೇ. ತೀರಿಸಬೇಕಾದ್ದು, ಮನೆತನದ ಹೆಸರಲ್ಲಿ ಇರುವಂಥದ್ದು, ಬರೆದವನು ಸತ್ತರೂ ಉಳಿಯುವಂಥದ್ದು. ವ್ಯತ್ಯಾಸ ಒಂದೇ. ಆಹೇರಿಯಲ್ಲಿ ನಾನು 51 ಕೊಟ್ಟೆ ಅಂತ ನನ್ನ ಪುಸ್ತಕದಲ್ಲಿದ್ದರೆ ನಿಮ್ಮ ಪುಸ್ತಕದಲ್ಲೂ 51 ಬಂತು ಅಂತ ಇರುತ್ತದೆ, ಎರಡೂ ತಾಳೆಯಾಗುತ್ತವೆ. ಹಗೆಯ ಪುಸ್ತಕ ಯಾವತ್ತೂ ತಾಳೆಯಾಗುವುದಿಲ್ಲ. ನಿಮ್ಮ ಪುಸ್ತಕದಲ್ಲಿ "ಕೈ ಮುರಿದರು" ಅಂತ ಇದೆ. ಅವರ ಪುಸ್ತಕದಲ್ಲಿ ಏನಿದೆ ಅಂತ ಆ ಹುಡುಗನನ್ನು ಯಾವತ್ತಾದರೂ ಕೇಳಿದ್ದೀರಾ? ಕೇಳಿ ನೋಡಿ. ಅವರ ಮನೆಯಲ್ಲಿ ಈ ಕಥೆ ಕೈ ಮುರಿದಲ್ಲಿಂದ ಶುರುವಾಗುವುದೇ ಇಲ್ಲ. ಅದಕ್ಕಿಂತ ಹಿಂದೆ ಯಾವುದೋ ಮಾತು, ಯಾವುದೋ ಬೈಗುಳ, ಬಾವಿಕಟ್ಟೆಯ ಮೇಲೆ ಯಾರದೋ ಕೊಡ ಉರುಳಿಸಿದ್ದು, ಅಲ್ಲಿಂದ ಶುರುವಾಗುತ್ತದೆ. ನಿಮ್ಮಜ್ಜನ ಕೈ ಅವರ ಕಥೆಯಲ್ಲಿ ಕೊನೆಗೆ ಒಂದೇ ಸಾಲಲ್ಲಿ ಬರುತ್ತದೆ.

ಸುಮ್ನೆ ಹೇಳುತ್ತಿಲ್ಲ. 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಅವರ ಜೊತೆಗಾರರು ಒಂದು ಕೆಲಸ ಮಾಡಿದರು. ಒಬ್ಬೊಬ್ಬರಿಂದಲೂ ಎರಡೆರಡು ಘಟನೆ ಬರೆಸಿದರು. ಒಂದರಲ್ಲಿ ಬೇರೆಯವರು ನಿಮಗೆ ಸಿಟ್ಟು ತರಿಸಿದ್ದು, ಇನ್ನೊಂದರಲ್ಲಿ ನೀವು ಬೇರೆಯವರಿಗೆ ಸಿಟ್ಟು ತರಿಸಿದ್ದು. ಬರೆದವರು ಅವರೇ. ಆದರೂ ತಾವು ನೊಂದವರಾದಾಗ ಕಥೆ ಹಳೆಯದರಿಂದ ಶುರುವಾಗಿ ಇವತ್ತಿನವರೆಗೂ ಎಳೆದುಕೊಂಡು ಬರುತ್ತದೆ, ಎದುರಿನವನಿಗೆ ಕಾರಣವೇ ಇರಲಿಲ್ಲ ಅನ್ನುತ್ತದೆ. ತಾವು ನೋಯಿಸಿದವರಾದಾಗ ಅದು ಆವತ್ತೇ ಆಗಿ ಆವತ್ತೇ ಮುಗಿದ ವಿಷಯ, ಕಾರಣವೂ ಇತ್ತು. ಒಬ್ಬನ ತಲೆಯೊಳಗೇ ಇಷ್ಟು ವ್ಯತ್ಯಾಸ ಇದ್ದರೆ ಎರಡು ಮನೆಗಳ ನಡುವೆ 40 ವರ್ಷದಲ್ಲಿ ಎಷ್ಟು ಆಗಬಾರದು?

ಇನ್ನೊಂದು ಪ್ರಯೋಗ ಇದಕ್ಕಿಂತ ಚೆನ್ನಾಗಿದೆ. 2003ರಲ್ಲಿ ಲಂಡನ್ನಿನಲ್ಲಿ ಮಾಡಿದ್ದು. ಇಬ್ಬರನ್ನು ಎದುರು ಬದುರು ಕೂರಿಸಿದರು. ಒಂದು ಸಣ್ಣ ಯಂತ್ರದ ಮೂಲಕ ಒಬ್ಬ ಇನ್ನೊಬ್ಬನ ಬೆರಳನ್ನು ಒತ್ತಬೇಕು. ನಿಯಮ ಒಂದೇ, ನಿನಗೆ ಎಷ್ಟು ಒತ್ತಿದರೋ ಅಷ್ಟೇ ವಾಪಸ್ಸು ಒತ್ತು, ಜಾಸ್ತಿ ಬೇಡ, ಕಡಿಮೆಯೂ ಬೇಡ. ಇಬ್ಬರೂ ಪ್ರಾಮಾಣಿಕವಾಗಿಯೇ ಒತ್ತಿದರು. ಆದರೂ ಪ್ರತಿ ಸರದಿಗೂ ಒತ್ತಡ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರುತ್ತಲೇ ಹೋಯಿತು. ಯಾಕೆಂದರೆ ನಾವೇ ಒತ್ತಿದ್ದು ನಮ್ಮ ಮಿದುಳಿಗೆ ಕಡಿಮೆಯಾಗಿ ತಿಳಿಯುತ್ತದೆ, ಬೇರೆಯವರು ಒತ್ತಿದ್ದು ಪೂರ್ತಿ ತಿಳಿಯುತ್ತದೆ. ನಮ್ಮ ಕೈಗೆ ನಾವೇ ಕಚಗುಳಿ ಇಟ್ಟರೆ ನಗು ಬರುವುದಿಲ್ಲವಲ್ಲ, ಅದೇ ಕಾರಣ. "ನಾವು ಬರೀ ತಿರುಗಿ ಕೊಟ್ಟಿವಿ, ಜಾಸ್ತಿ ಏನ್ ಮಾಡಿಲ್ರಿ" ಅಂತ ನನ್ನ ಮೇಜಿನ ಮುಂದೆ ಹೇಳಿದವರನ್ನೆಲ್ಲ ಒಂದು ಕಾಲದಲ್ಲಿ ಸುಳ್ಳುಗಾರರು ಅಂದುಕೊಳ್ಳುತ್ತಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ.

ಇಷ್ಟು ಜಗಳ ಬೆಳೆಯುವ ಬಗ್ಗೆ ಆಯಿತು. ನೀವು ಕೇಳಿದ್ದು ಯಾಕೆ ಮುಗಿಯುವುದಿಲ್ಲ ಅಂತ. ಅದಕ್ಕೆ ನನ್ನ ಉತ್ತರ ಇಷ್ಟು: ಪಿತ್ರಾರ್ಜಿತವಾಗಿ ಬಂದ ಹಗೆಯನ್ನು ಮುಂದುವರಿಸುವುದಕ್ಕೆ ವಾರಸುದಾರನಿಗೆ ಪೂರ್ತಿ ಅಧಿಕಾರ ಇರುತ್ತದೆ, ಬಿಡುವುದಕ್ಕೆ ಇರುವುದಿಲ್ಲ. ನನ್ನ ಸಾಲ ನಾನು ಬಿಟ್ಟುಕೊಡಬಹುದು. ಸತ್ತ ಅಜ್ಜನಿಗೆ ಬರಬೇಕಾದ ಸಾಲವನ್ನು ಬಿಡಲು ನಾನ್ಯಾರು? ಕೈ ಮುರಿದದ್ದು ಅಜ್ಜನದು. ನೋವು ಅವನದು, ಮಾಫಿ ಮಾಡುವುದಿದ್ದರೆ ಅವನೇ ಮಾಡಬೇಕಿತ್ತು, ಮಾಡದೆ ಹೋದ. ಈಗ ನಿಮ್ಮ ಅಪ್ಪ ಹೋಗಿ ಆ ಮನೆಯಲ್ಲಿ ಕೂತು ಚಹಾ ಕುಡಿದರೆ ಅದು ದೊಡ್ಡ ಗುಣ ಅಂತ ಊರಲ್ಲಿ ಯಾರೂ ಅನ್ನುವುದಿಲ್ಲ. "ಅಪ್ಪನ ಕೈ ಮುರದಾವ್ರ ಮನ್ಯಾಗ ಹೋಗಿ ಚಾ ಕುಡದ ಬಂದ್ನಲ್ಲೋ" ಅನ್ನುತ್ತಾರೆ. ಅಪ್ಪ ಎದ್ದು ಹೊರಗೆ ಹೋಗುವುದು ಸಿಟ್ಟಿನಿಂದ ಅಂತ ನೀವು ತಿಳಿದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಉತ್ತರ ಕೊಡಲು ತನಗೆ ಹಕ್ಕಿಲ್ಲದ ಪ್ರಶ್ನೆ ಕೇಳಿದಾಗ ಮನುಷ್ಯ ಎದ್ದು ಹೋಗುತ್ತಾನೆ.

ಅಜ್ಜಿಯ ವಿಷಯ ಬೇರೆ. ಆ ಮುರಿದ ಕೈಗೆ ಪಟ್ಟು ಹಾಕಿ, ಆರು ತಿಂಗಳು ತುತ್ತು ಮಾಡಿ ಉಣಿಸಿದವರು ಅವರು. ಆ ವರ್ಷ ಹೊಲಕ್ಕೆ ಯಾರು ಹೋದರು, ಬಿತ್ತನೆ ಹೇಗಾಯಿತು, ಯಾರ ಹತ್ತಿರ ಕೈ ಒಡ್ಡಿದರು, ಇದನ್ನೆಲ್ಲ ಕೋರ್ಟು ಕೇಳಲಿಲ್ಲ, ಪಂಚರು ಕೇಳಲಿಲ್ಲ, ಬಹುಶಃ ನೀವೂ ಕೇಳಿಲ್ಲ. ಹಗೆ ನಮ್ಮ ಮನೆಗಳಲ್ಲಿ ಮುಂದಿನ ತಲೆಮಾರಿಗೆ ದಾಟುವುದು ಗಂಡಸರ ಭಾಷಣದಿಂದಲ್ಲ. ರೊಟ್ಟಿ ಬಡಿಯುತ್ತ ಒಲೆಯ ಮುಂದೆ ಕೂತ ಹೆಂಗಸು ಮಕ್ಕಳಿಗೆ ಹೇಳುವ ಕಥೆಯಿಂದ. ಬೈಯಲಿಕ್ಕಲ್ಲ ಇದನ್ನು ಹೇಳುತ್ತಿರುವುದು. ಬೇರೆ ಯಾರೂ ಕೇಳದ ಕಥೆಯನ್ನು ಕೇಳುವವರು ಮಕ್ಕಳು ಮಾತ್ರ, ಅದಕ್ಕೇ ಅವರಿಗೆ ಹೇಳುತ್ತಾರೆ.

ಇನ್ನು ಕಾನೂನು. ಹಗೆ ರಕ್ತದಲ್ಲಿ ಬರುತ್ತದೆ ಅಂತ ಜನ ಅನ್ನುತ್ತಾರೆ, ನಾನು ಟಪಾಲಿನಲ್ಲಿ ಬರುತ್ತದೆ ಅನ್ನುತ್ತೇನೆ. ಆಸ್ತಿಯ ದಾವೆಯಲ್ಲಿ ವಾದಿಯೋ ಪ್ರತಿವಾದಿಯೋ ಸತ್ತರೆ ಅವನ ವಾರಸುದಾರರನ್ನು ದಾವೆಗೆ ಸೇರಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶ ಅದು, ಅವಧಿ 90 ದಿನ. ಸೇರಿಸದಿದ್ದರೆ ದಾವೆ ಬಿದ್ದು ಹೋಗುತ್ತದೆ. ಅಂದರೆ ಮನೆಯಲ್ಲಿ ಸಾವಾಗಿ ಮೂರು ತಿಂಗಳು ತುಂಬುವುದರೊಳಗೆ, ಕಣ್ಣೀರು ಆರುವ ಮೊದಲೇ, ಮಕ್ಕಳು ವಕೀಲನ ಕಚೇರಿಗೆ ಬಂದು ಅಪ್ಪನ ಜಗಳಕ್ಕೆ ತಮ್ಮ ಹೆಸರು ಬರೆಸಬೇಕು. ಬೇರೆ ದಾರಿ ಇಲ್ಲ ಅಂತಲ್ಲ, ಆದರೆ ಆ ಹೊತ್ತಿಗೆ "ನಮಗೆ ಈ ದಾವೆ ಬೇಡ" ಅನ್ನುವ ಧೈರ್ಯ ಯಾರಿಗೆ ಬರುತ್ತದೆ? ಎಷ್ಟೋ ಹುಡುಗರಿಂದ ನಾನೇ ವಕಾಲತ್ತಿಗೆ ಸಹಿ ಮಾಡಿಸಿಕೊಂಡಿದ್ದೇನೆ.

ಒಬ್ಬ ಹುಡುಗನ ನೆನಪು ಈಗಲೂ ಹೋಗಿಲ್ಲ. ಊರು ಹೆಸರು ಬೇಡ, 22 ವರ್ಷದವನಿರಬೇಕು. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ತಗಡಿನ ಟ್ರಂಕು ಹೊತ್ತುಕೊಂಡು ಬಂದ. ಒಳಗೆ ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟು. ಉತಾರದ ನಕಲು, ಮೋಜಣಿಯ ನಕಾಶೆ, ಪಂಚನಾಮೆ, ದವಾಖಾನೆಯ ಚೀಟಿ, ಮೂರು ಬೇರೆ ಬೇರೆ ವಕೀಲರ ವಕಾಲತ್ತು, ಮಡಚಿ ಮಡಚಿ ಗೆರೆಯಲ್ಲೇ ಹರಿದು ಹೋದ ಕಾಗದಗಳು. ಎಲ್ಲಕ್ಕಿಂತ ಕೆಳಗೆ ಒಂದು ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿಟ್ಟ ಹಸಿರು ಗಾಜಿನ ಬಳೆಯ ಚೂರುಗಳು. ಇದೇನಪ್ಪಾ ಅಂದೆ. "ಗೊತ್ತಿಲ್ರಿ. ಇದನ್ನ ತಗೀಬ್ಯಾಡ ಅಂತ ಅಪ್ಪ ಹೇಳ್ತಿದ್ದ" ಅಂದ. ಆಮೇಲೆ ತಿಳಿಯಿತು, ಹೊಡೆದಾಟದ ದಿನ ಅವನ ಸೋದರತ್ತೆ, ಆಗ 16 ವರ್ಷದ ಹುಡುಗಿ, ತನ್ನ ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಹೋಗಿ ನಿಂತಿದ್ದಳು. ಆ ಬಳೆ ಅವಳದು. ಸಾಕ್ಷಿಗೆ ಬೇಕಾದೀತು ಅಂತ ಆರಿಸಿಟ್ಟಿದ್ದರು. ಯಾವ ವಕೀಲನೂ ಕೋರ್ಟಿಗೆ ಹಾಜರು ಮಾಡಿರಲಿಲ್ಲ.

ಈ ಬಳೆಗೆ ಮತ್ತೆ ಬರುತ್ತೇನೆ.

ಜಗಳ ಯಾವುದರ ಮೇಲೆ ಅನ್ನೋದೂ ಮುಖ್ಯ. ಹೊರಗಿನವರಿಗೆ ನಗು ಬರುತ್ತದೆ, ಒಂದು ಬೇವಿನ ಮರಕ್ಕೆ ಇಷ್ಟೊಂದಾ ಅಂತ. ಲೆಕ್ಕ ಹಾಕಿ. 660 ಅಡಿ ಉದ್ದದ ಬಾಂದು ಇದೆ ಅಂದುಕೊಳ್ಳಿ. ಪಕ್ಕದವನು ಟ್ರ್ಯಾಕ್ಟರ್ ಹೊಡೆಯುವಾಗ ಒಂದು ಅಡಿ ಒಳಗೆ ಬಂದರೆ 660 ಚದರ ಅಡಿ. ಗುಂಟೆಗೆ 1,089 ಚದರ ಅಡಿ. ಅಂದರೆ ಅರ್ಧ ಗುಂಟೆಗಿಂತ ಜಾಸ್ತಿ ಹೋಯಿತು, ಒಂದೇ ಅಡಿಗೆ. ನಮ್ಮದು ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಬಾಂದಿನ ಕಲ್ಲು ಕುಸಿಯುತ್ತದೆ, ವಾಲುತ್ತದೆ. ಕಲ್ಲು ತಾನಾಗಿಯೇ ಸರಿಯಿತೋ ಯಾರಾದರೂ ಸರಿಸಿದರೋ ಹೇಳುವುದು ಕಷ್ಟ, ಅನುಮಾನ ಪಡುವುದು ಸುಲಭ. ಹಾಗಾಗಿ ಬಾಂದಿನ ಮೇಲಿನ ಮರ ಅಂದರೆ ಬರೀ ಮರವಲ್ಲ, ಗಡಿಯ ಗುರುತು. ಮರ ಅವರದು ಅಂದರೆ ಗಡಿ ಇತ್ತ ಬಂತು.

ಮೊದಲು ಇದೇ ಜಮೀನು ಮಳೆ ನಂಬಿದ ಜೋಳದ ಹೊಲ. ಈಗ ಕಾಲುವೆ ನೀರು ಬಂತು, ಲಿಂಬೆ, ದ್ರಾಕ್ಷಿ, ಕಬ್ಬು ಬಂತು, ರೇಟು ಏರಿತು. ಹಳೇ ಜಗಳಕ್ಕೆ ಹೊಸ ಬೆಲೆ ಬಂತು. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಜಮೀನು ಹೋದವರ ಮನೆಗಳಲ್ಲಿ ಇದನ್ನು ಇನ್ನೂ ಚೆನ್ನಾಗಿ ನೋಡಬಹುದು. ಹೊಲ ನೀರಿನಡಿಗೆ ಹೋದ ಮೇಲೂ ಪರಿಹಾರದ ಹಣದ ಸಲುವಾಗಿ ಅಣ್ಣ ತಮ್ಮಂದಿರು ಕೋರ್ಟಿನಲ್ಲಿ ನಿಂತಿದ್ದಾರೆ, ಬಾಂದು ಮುಳುಗಿದರೂ ಬಾಂದಿನ ಜಗಳ ತೇಲಿಕೊಂಡು ನವನಗರಕ್ಕೆ ಬಂದಿದೆ. ದಾಯಾದಿ ಅನ್ನುವ ಶಬ್ದಕ್ಕೆ ಮೂಲದಲ್ಲಿ ಆಸ್ತಿಯಲ್ಲಿ ಪಾಲಿರುವವನು ಅಂತ ಮಾತ್ರ ಅರ್ಥ. ಇವತ್ತು ಯಾರಿಗಾದರೂ "ನೀ ನನ್ನ ದಾಯಾದಿ" ಅಂದು ನೋಡಿ, ಬೈದ ಹಾಗೆ ಕೇಳಿಸುತ್ತದೆ.

ನಿಮ್ಮ ತಾಲ್ಲೂಕಿನ ಹೆಸರು ಕೇಳಿದ ಕೂಡಲೇ ಭೀಮಾ ತೀರ, ಪಿಸ್ತೂಲು, ಕೊಲೆ ಅಂತ ಶುರು ಮಾಡುವವರಿದ್ದಾರೆ. ನನಗೆ ಆ ಮಾತಿನ ಮೇಲೆ ಸಿಟ್ಟಿದೆ. ಅಲ್ಲಿ ರಕ್ತ ಹರಿದದ್ದು ಸುಳ್ಳಲ್ಲ. ಆದರೆ ನದಿಯ ನೀರಿನಲ್ಲೇ ಸೇಡಿದೆ ಅನ್ನುವ ಹಾಗೆ ಬರೆಯುವುದು ಸೋಮಾರಿತನ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ಪ್ರಕಾರ ದೇಶದಲ್ಲಿ ಆ ವರ್ಷ 28,522 ಕೊಲೆ ಪ್ರಕರಣ ದಾಖಲಾದವು. ಕಾರಣಗಳಲ್ಲಿ ಮೊದಲನೆಯದು ವ್ಯಾಜ್ಯ, 9,962. ಎರಡನೆಯದು ವೈಯಕ್ತಿಕ ಸೇಡು ಅಥವಾ ಹಗೆತನ, 3,761. ಹಣದ ಆಸೆಗೆ ಮಾಡಿದ್ದು 1,884. ಅಂದರೆ ಇದು ಇಡೀ ದೇಶದ ರೋಗ. ಇಂಡಿಗೆ ಮಾತ್ರ ಹಣೆಪಟ್ಟಿ ಕಟ್ಟಿದರೆ ಒಂದು ಕೆಟ್ಟ ಪರಿಣಾಮವೂ ಇದೆ, ಅಲ್ಲಿನ ಹುಡುಗರಿಗೆ "ನಮ್ಮ ಕಡೆ ಹಿಂಗ, ನಾವು ಬಿಡೂ ಮಂದಿ ಅಲ್ಲ" ಅನ್ನುವುದೇ ಹೆಮ್ಮೆಯಾಗುತ್ತದೆ.

ಊರಲ್ಲಿ ನಾಲ್ಕು ಜನರಿಗೆ ಈ ಜಗಳ ಬೇಕು ಅಂದಿದ್ದೆ. ಯಾರವರು? ಎರಡೂ ಮನೆಗೆ ಹೋಗಿ ಬಂದು ಸುದ್ದಿ ಮುಟ್ಟಿಸುವವನು ಒಬ್ಬ. ಅವನ ಗೌರವವೆಲ್ಲ ಅದರಲ್ಲೇ ಇದೆ. ತಕರಾರಿನ ತುಂಡು ಜಮೀನನ್ನು ಅಗ್ಗದ ಲಾವಣಿಗೆ (ಗುತ್ತಿಗೆಗೆ) ಮಾಡುವವನು ಇನ್ನೊಬ್ಬ. ಪಂಚಾಯಿತಿ ಚುನಾವಣೆಯಲ್ಲಿ ನಿಲ್ಲುವವನು ಮತ್ತೊಬ್ಬ, ಊರಿಗೆ ಎರಡು ಪಾರ್ಟಿ ಬೇಕಲ್ಲ, ನಿಮ್ಮ ಮನೆ ಒಂದು ಕಡೆ ಹೋದರೆ ಆ ಮನೆ ತಾನಾಗಿಯೇ ಇನ್ನೊಂದು ಕಡೆ, ಪ್ರಚಾರದ ಖರ್ಚೇ ಇಲ್ಲ. ನಾಲ್ಕನೆಯವನು ನನ್ನಂಥ ವಕೀಲ.

ಮುಗಿಸುವುದು ಸಾಧ್ಯವೇ ಇಲ್ಲವಾ ಅಂದರೆ, ಇದೆ. ನಿಮ್ಮದಕ್ಕಿಂತ ನೂರು ಪಟ್ಟು ಗಟ್ಟಿಯಾದ ಹಗೆ ಮುಗಿದದ್ದಿದೆ. ಯುರೋಪಿನ ಕೊಸೊವೊದಲ್ಲಿ ಅಲ್ಬೇನಿಯನ್ ಮನೆತನಗಳ ನಡುವೆ ರಕ್ತಕ್ಕೆ ರಕ್ತ ಅನ್ನುವ ಪದ್ಧತಿ ಇತ್ತು. ಒಂದು ಕೊಲೆಯಾದರೆ ಕೊಂದವನ ಮನೆಯ ಯಾವ ಗಂಡಸನ್ನಾದರೂ ಕೊಂದು ತೀರಿಸಬಹುದು, ಹಾಗಾಗಿ ಗಂಡಸರು ವರ್ಷಗಟ್ಟಲೆ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. 1990ರಲ್ಲಿ ಆಂಟನ್ ಚೆಟ್ಟಾ ಅನ್ನುವ ಜಾನಪದ ವಿದ್ವಾಂಸರು ಮತ್ತು ಕಾಲೇಜು ಹುಡುಗ ಹುಡುಗಿಯರು ಮನೆ ಮನೆಗೆ ಹೋಗಿ ಕೂತರು. ಹಳ್ಳಿ ಹಳ್ಳಿ ತಿರುಗಿ ಕಥೆ ಕೂಡಿಸಿದ್ದ ಮನುಷ್ಯ, ಯಾರ ಮುಂದೆ ಯಾವ ಮಾತು ನಡೆಯುತ್ತದೆ ಅಂತ ಗೊತ್ತಿತ್ತು. ಅವರು ಯಾರಿಗೂ "ನಿಮ್ಮ ಮಗನ ಕೊಲೆಗಾರನನ್ನು ಕ್ಷಮಿಸಿ" ಅಂತ ಸುಮ್ಮನೆ ಕೇಳಲಿಲ್ಲ. ಆಗ ಸರ್ಬಿಯಾದ ಆಡಳಿತದಡಿ ಇಡೀ ಜನಾಂಗ ಸಂಕಟದಲ್ಲಿತ್ತು. "ಜನರ ಹೆಸರಲ್ಲಿ, ಯುವಕರ ಹೆಸರಲ್ಲಿ, ಬಾವುಟದ ಹೆಸರಲ್ಲಿ ಈ ರಕ್ತ ಬಿಟ್ಟುಕೊಡಿ" ಅಂತ ಕೇಳಿದರು. ಆ ವರ್ಷ ಮೇ 1ರಂದು ಒಂದು ದೊಡ್ಡ ಬಯಲಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು, ಅವರೆಲ್ಲರ ಎದುರಿಗೆ ಮನೆಯ ಹಿರಿಯರು ಒಬ್ಬೊಬ್ಬರಾಗಿ ಬಂದು ಹಗೆ ಬಿಟ್ಟರು. ಒಂದೆರಡು ವರ್ಷದಲ್ಲಿ ಸಾವಿರದಷ್ಟು ಹಗೆಗಳು ಮುಗಿದವು.

ಇದರಲ್ಲಿ ನಮಗೆ ಬೇಕಾದ್ದು ಯಾವುದು ಅಂದರೆ, ಬಿಡುವವನು ಹೇಡಿ ಅನ್ನಿಸಿಕೊಳ್ಳದ ಹಾಗೆ ಅವನಿಗೆ ಒಂದು ನೆಪ ಕೊಟ್ಟದ್ದು. ನಮ್ಮಲ್ಲೂ ಆ ನೆಪ ಇದೆ, ಹೆಸರು ಬೇರೆ. "ಅಜ್ಜಾರ ಮಾತ ಮೀರಾಕ ಆಗಲಿಲ್ರಿ." ಮಠದ ಸ್ವಾಮಿಗಳ ಎದುರಿಗೆ ರಾಜಿಯಾದವನು ಊರಿಗೆ ಬಂದು ಹೇಳುವ ಮಾತು ಇದು. ಇದನ್ನು ನಾನು ಬಹಳ ದಿನ ಮೂಢತನ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಈ ಒಂದು ಸಾಲು ಹತ್ತು ಕ್ಷಮಾಪಣೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಸೋತದ್ದು ನಾನಲ್ಲ, ಸ್ವಾಮಿಗಳ ಮಾತು ಗೆದ್ದಿತು. ದಸರೆಯ ಬನ್ನಿಯೂ ಹಾಗೆಯೇ. ವರ್ಷಕ್ಕೊಂದು ದಿನ ಯಾರ ಕೈಗೆ ಬೇಕಾದರೂ ಎರಡು ಎಲೆ ಇಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನಬಹುದು, ಹಬ್ಬ ಅಂತ ಕೊಟ್ಟೆ ಅಂದರೆ ಮುಗಿಯಿತು. ಸಂಕ್ರಾಂತಿಯ ಕುಸುರೆಳ್ಳಿಗೂ ಅದೇ ಅನುಕೂಲ. ಮಾತು ಬಿಟ್ಟವರು ಮತ್ತೆ ಮಾತು ಶುರು ಮಾಡಲಿ ಅಂತಲೇ ಹಿಂದಿನವರು ಇಟ್ಟ ಬಾಗಿಲುಗಳು ಇವು ಅಂತ ನನ್ನ ಗುಮಾನಿ.

ಈಗ ನಿಮ್ಮ ವಿಷಯ. ನೀವಿಬ್ಬರು ಹುಡುಗರು ಮಾಡುವ ಮೊದಲ ತಪ್ಪು ಯಾವುದಿರುತ್ತದೆ ಅಂತ ಹೇಳಲಾ? ಊರಿಗೆ ಹೋಗಿ ಎಲ್ಲರನ್ನೂ ಕೂರಿಸಿ "ಹಳೇದೆಲ್ಲಾ ಮರೆತುಬಿಡಿ" ಅನ್ನುವುದು. ಅಜ್ಜಿಗೆ ಅದು "ನೀನು ಉಂಡ ಕಷ್ಟಕ್ಕೆ ಬೆಲೆ ಇಲ್ಲ" ಅಂತ ಕೇಳಿಸುತ್ತದೆ. ಮರೆಯುವ ಮಾತೇ ಎತ್ತಬೇಡಿ. ಬದಲಿಗೆ ಒಂದು ಮಧ್ಯಾಹ್ನ ಅಜ್ಜಿಯ ಹತ್ತಿರ ಕೂತು ಆ ಆರು ತಿಂಗಳ ಕಥೆ ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ, ಅವರ ಮನೆಯವರು ಹಂಗಲ್ಲ ಅಂತ ತಿದ್ದಬೇಡಿ. ಆ ಹುಡುಗನೂ ಅವನ ಮನೆಯಲ್ಲಿ ಅದನ್ನೇ ಮಾಡಲಿ. ಆಮೇಲೆ ನೀವಿಬ್ಬರೂ ಬೆಳಗಾವಿಯಲ್ಲಿ ಕೂತು ಎರಡು ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ತಾಳೆಯಾಗುವುದಿಲ್ಲ. ತಾಳೆ ಮಾಡಲು ಹೋಗಲೂಬೇಡಿ.

ಮೊದಲು ಗಡಿ, ಮನಸ್ಸು ಆಮೇಲೆ. ಎರಡೂ ಮನೆಯವರು ಸೇರಿ ಹದ್ದುಬಸ್ತಿಗೆ, ಅಂದರೆ ಸರ್ವೆಯರ್ ಬಂದು ಅಳೆದು ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿ. ಒಬ್ಬರೇ ಹಾಕಿದರೆ ಸರ್ವೆಯರ್ ಬಂದ ದಿನವೇ ಇನ್ನೊಂದು ಹೊಡೆದಾಟ. ಇಬ್ಬರೂ ಹಾಕಿ, ಇಬ್ಬರೂ ನಿಂತು, ಸರಪಳಿ ಎಳೆಯುವಾಗ ಎರಡೂ ಕಡೆಯ ಒಬ್ಬೊಬ್ಬ ಹಿಡಿದರೆ ಚೆನ್ನ. ನಂತರ ದಾರಿ. ಮನೆತನದ ಜಮೀನು ಪಾಲಾದಾಗ, ಆ ದಾರಿ ಇಲ್ಲದೆ ಒಬ್ಬನ ಪಾಲಿಗೆ ಹೋಗಲು ಆಗುವುದೇ ಇಲ್ಲ ಅನ್ನುವಂತಿದ್ದರೆ 1882ರ ಈಸ್ಮೆಂಟ್ ಕಾಯ್ದೆಯ 13ನೇ ಕಲಮಿನಲ್ಲಿ ಅವನಿಗೆ ದಾರಿಯ ಹಕ್ಕು ಇದೆ. ಇದನ್ನು ಬೆದರಿಕೆಯಾಗಿ ಹೇಳಬೇಡಿ. ಗೆಲ್ಲುವ ಸೋಲುವ ಮಾತಲ್ಲ, ಕಾಯ್ದೆಯೇ ಹೀಗಿದೆ ಅಂತ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಹೇಳಿಕೊಳ್ಳಲು ಅನುಕೂಲ.

ಅಷ್ಟಾದ ಮೇಲೆ ದಾವೆಯನ್ನು ಲೋಕ ಅದಾಲತ್ತಿಗೆ ಒಯ್ಯಿರಿ. ಅಲ್ಲಿ ರಾಜಿಯಾದರೆ ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸ್ಸು ಬರುತ್ತದೆ. ಬಾಂಡ್ ಪೇಪರ್ ಮೇಲೆ ಊರ ಪಂಚರ ಮುಂದೆ ಬರೆದು ಸುಮ್ಮನಾಗಬೇಡಿ, ಅಂಥ ಕಾಗದ ಮುಂದೆ ಹೊಸ ದಾವೆಗೆ ಬೀಜವಾಗಿದ್ದನ್ನು ಬಹಳ ನೋಡಿದ್ದೇನೆ. ಮತ್ತೆ, ಹಳೆಯ ಹೊಡೆದಾಟದ ಕೇಸು, ಕೌಂಟರ್ ಕೇಸು ಏನಾದರೂ ಬಾಕಿ ಇದೆಯಾ ನೋಡಿಕೊಳ್ಳಿ. ಸಣ್ಣ ಪೆಟ್ಟಿನ ಕೇಸುಗಳನ್ನು ರಾಜಿ ಮಾಡಿಕೊಳ್ಳಲು ಕಾನೂನೇ ಬಿಡುತ್ತದೆ. ಕೊಲೆಯ ಕೇಸನ್ನು ಬಿಡುವುದಿಲ್ಲ. ನಿಮ್ಮದು ಅಲ್ಲಿವರೆಗೆ ಹೋಗಿಲ್ಲ, ಪುಣ್ಯ.

ಒಂದು ವಿಷಯ ಯಾರೂ ನೆನಪಿಸುವುದಿಲ್ಲ, ನಾನು ನೆನಪಿಸುತ್ತೇನೆ. ನಿಮ್ಮ ಸೋದರತ್ತೆಯರು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟ ಮಾಡಿತು. ಅಜ್ಜನ ಪಾಲಿಗೆ ಬಂದ ಜಮೀನಿನಲ್ಲಿ ಅವರ ಹಕ್ಕೂ ಇರಬಹುದು. ಅವರನ್ನು ಬಿಟ್ಟು ಗಂಡಸರು ಮಾತ್ರ ಸಹಿ ಮಾಡಿದರೆ ಆ ರಾಜಿ ಒಂದು ಕಾಲಿನ ಮೇಲೆ ನಿಂತ ಹಾಗೆ.

ಆ ಟ್ರಂಕಿನ ಹುಡುಗನ ಮನೆಯಲ್ಲೂ ಇದೇ ಆಯಿತು. ಎಲ್ಲಾ ಮುಗಿಯಿತು ಅಂತ ರಾಜಿ ಅರ್ಜಿ ಬರೆದು ಕೂತಿದ್ದೆವು, ಸೋದರತ್ತೆಯ ಸಹಿ ಬೇಕಾಯಿತು. ಬಂದರು. ಅಷ್ಟು ಹೊತ್ತಿಗೆ ಮೊಮ್ಮಕ್ಕಳನ್ನು ಕಂಡವರು. ಪೆನ್ನು ಹಿಡಿದು, ಮತ್ತೆ ಕೆಳಗಿಟ್ಟರು. ಪಾಲು ಕೇಳುತ್ತಾರೆ ಅಂತ ಎರಡೂ ಕಡೆಯವರ ಮುಖ ಬಿಳಿಚಿಕೊಂಡಿತು. "ನಂಗ ಹೊಲ ಬ್ಯಾಡ. ಅವತ್ತ ನನ್ನ ಬಳಿ ಒಡದಾವ. ಅವರ ಮನ್ಯಾಗ ನಂಗ ಬಳಿ ಇಡಸ್ರಿ, ಸಹಿ ಮಾಡ್ತೀನಿ" ಅಂದರು. ನಮ್ಮ ಕಡೆ ಹೆಣ್ಣುಮಗಳಿಗೆ ಬಳೆ ಇಡಿಸುವುದು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಮನೆ ಮಗಳು ಅಂತ ಒಪ್ಪಿದ ಹಾಗೆ. ಆ ಮನೆಯ ಹಿರಿಯ ಸೊಸೆ ಬಳೆಗಾರನನ್ನು ಕರೆಸಿದರು. ಪಡಸಾಲೆಯಲ್ಲಿ ಕೂರಿಸಿ ಎರಡೂ ಕೈಗೆ ಹಸಿರು ಬಳೆ ಇಡಿಸಿ, ಉಡಿ ತುಂಬಿ ಕಳಿಸಿದರು. ಆ ಮನುಷ್ಯಳಿಗೆ ಬಿಡುವ ಅಧಿಕಾರ ಇತ್ತು, ಯಾಕೆಂದರೆ ಪೆಟ್ಟು ಬಿದ್ದವರಲ್ಲಿ ಬದುಕಿದ್ದವರು ಅವರೊಬ್ಬರೇ. ನನ್ನ 30 ವರ್ಷದ ವಕೀಲಿಯಲ್ಲಿ ಅವರನ್ನು ಏನು ಬೇಕು ಅಂತ ಒಬ್ಬರೂ ಕೇಳಿರಲಿಲ್ಲ, ನಾನೂ ಸೇರಿ.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಆ ಎರಡು ಮನೆಯ ಗಂಡಸರು ಈಗಲೂ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದಿಲ್ಲ. ದಾರಿ ಬಿಟ್ಟಿದ್ದಾರೆ, ಟ್ರ್ಯಾಕ್ಟರ್ ಹೋಗುತ್ತದೆ, ಮಣ್ಣಿಗೆ ಬಂದು ಹೋಗುತ್ತಾರೆ, ಅಷ್ಟೇ. ನನಗೆ ಅಷ್ಟು ಸಾಕು ಅನ್ನಿಸುತ್ತದೆ.

ನಿಮ್ಮ ಮನೆಯಲ್ಲಿ ಅಧಿಕಾರ ಇರುವುದು ಅಜ್ಜಿಯ ಹತ್ತಿರ. ಅಪ್ಪನನ್ನು ಒಪ್ಪಿಸುವುದರಲ್ಲಿ ಟೈಮ್ ಕಳೆಯಬೇಡಿ. ಎಳ್ಳ ಅಮಾವಾಸ್ಯೆಗೆ ಇಬ್ಬರೂ ಊರಿಗೆ ಹೋಗುತ್ತೀರಲ್ವಾ? ಬಾಂದಿನ ಆಚೆ ಈಚೆ ಎರಡೂ ಮನೆಯವರು ಬೆನ್ನು ತಿರುಗಿಸಿಕೊಂಡು ಚರಗದ ಊಟ ಮಾಡುತ್ತಿರುತ್ತೀರಿ, ನಾನು ನೋಡದಿದ್ದರೂ ಹೇಳಬಲ್ಲೆ. ಆವತ್ತು ಏನೂ ಮಾಡಬೇಡಿ, ಆ ಕಡೆ ಒಂದು ಬುತ್ತಿ ಕಳಿಸುವುದಾ ಅಂತ ಅಜ್ಜಿಯನ್ನು ಒಂದು ಮಾತು ಕೇಳಿ. ಬೇಡ ಅಂದರೆ ಸುಮ್ಮನಿರಿ, ಸಂಕ್ರಾಂತಿಗೆ ಮತ್ತೆ ಕೇಳಿ. ಏನಂದರು ಅಂತ ನನಗೆ ಬರೆಯಿರಿ. ಹದ್ದುಬಸ್ತಿನ ಅರ್ಜಿ ಅದಾದ ಮೇಲೆ ನೋಡೋಣ.